ನೆರಳುಗಳನ್ನು ಬಿಡಿಸಿ ನೋಡುವ ವಿದ್ಯೆ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹಾದಿಯಲ್ಲಿ ಮಸ್ಕಿ ಸಿಗುತ್ತದೆ. ನಿಜಾಮರ ಆಡಳಿತದ ಕಾಲದಲ್ಲಿ, 1915ರಲ್ಲಿ, ಚಿನ್ನದ ಜಾಡು ಹಿಡಿದು ಇಲ್ಲಿಗೆ ಬಂದಿದ್ದ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಬಂಡೆಯೊಂದರ ಮೇಲಿನ ಬ್ರಾಹ್ಮೀ ಅಕ್ಷರಗಳು ಬಿದ್ದವು. ಅದು ಅಶೋಕನ ಶಾಸನ. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಅವುಗಳ ಮರೆಯಲ್ಲಿರುವ ಅರಸ ಅಶೋಕನೇ ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಬಲದಿಂದ ನಿರ್ಧರಿಸಿದ್ದರು. ಮಸ್ಕಿಯ ಬಂಡೆ ಆ ಹೆಸರನ್ನೇ ಹೇಳಿ ಸಂದೇಹವನ್ನು ಕಳೆಯಿತು.

ಒಂದರ ಮರೆಯಲ್ಲಿ ಅಡಗಿರುವ ಇನ್ನೊಂದನ್ನು ಗುರುತಿಸುವುದು ಹೇಗೆ? ಇದು ಇತಿಹಾಸಕಾರರ ಪ್ರಶ್ನೆ ಮಾತ್ರವಲ್ಲ, ವೈದ್ಯರ ಪ್ರಶ್ನೆಯೂ ಹೌದು. ಬೀಡನ್ ಮಸ್ಕಿಗೆ ಬರುವ ಎರಡು ವರ್ಷ ಮೊದಲು, 1913ರಲ್ಲಿ, ಬರ್ಲಿನ್ನಿನ ಶಸ್ತ್ರವೈದ್ಯ ಆಲ್ಬರ್ಟ್ ಸಾಲೊಮನ್ ಸ್ತನದ ಕ್ಯಾನ್ಸರಿನ ವಿಷಯದಲ್ಲಿ ಇದನ್ನೇ ಕೇಳಿಕೊಂಡಿದ್ದ. ಶಸ್ತ್ರಕ್ರಿಯೆಯಲ್ಲಿ ತೆಗೆದ ಸುಮಾರು 3000 ಸ್ತನಗಳನ್ನು ಆತ ಕ್ಷ-ಕಿರಣದಲ್ಲಿ ಪರಿಶೀಲಿಸಿದ. ಕೆಲವು ಗಂಟುಗಳ ನಡುವೆ ಸಾಸಿವೆಗಿಂತಲೂ ಚಿಕ್ಕದಾದ ಸುಣ್ಣದ ಕಣಗಳು ಕಂಡವು. ರೋಗದ ಗುರುತುಗಳಲ್ಲಿ ಅವೂ ಒಂದು ಎಂಬುದು ಮುಂದೆ ಸ್ಪಷ್ಟವಾಯಿತು.

ಆದರೆ ಜೀವಂತ ಶರೀರದಲ್ಲಿ ಈ ಕಣಗಳನ್ನು ಕಾಣುವುದು ಸುಲಭವಾಗಿರಲಿಲ್ಲ. ಕ್ಷ-ಕಿರಣದ ಚಿತ್ರವೆಂದರೆ ನೆರಳು. ದೀಪದ ಮುಂದೆ ಒಂದರ ಹಿಂದೊಂದು ನಿಂತ ಇಬ್ಬರ ನೆರಳು ಗೋಡೆಯ ಮೇಲೆ ಒಂದೇ ಆಗಿ ಬೀಳುವಂತೆ, ಸ್ತನದೊಳಗಿನ ಪದರಗಳೆಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಗ್ರಂಥಿಗಳು ದಟ್ಟವಾಗಿರುವ ಸ್ತನದಲ್ಲಿ ಅವೂ ಬಿಳಿ, ಗಂಟೂ ಬಿಳಿ. ಗಂಟು ಮರೆಯಾಗಬಹುದು, ಇಲ್ಲವೇ ಎರಡು ನೆರಳು ಸೇರಿ ಇಲ್ಲದ ಗಂಟೊಂದು ಇದ್ದಂತೆ ತೋರಬಹುದು. ಮೊದಲನೆಯದರಿಂದ ಪ್ರಾಣಕ್ಕೆ ಅಪಾಯ, ಎರಡನೆಯದರಿಂದ ವೃಥಾ ಭಯ.

ಮುಂದಿನ ನೂರು ವರ್ಷಗಳ ಪ್ರಯತ್ನವೆಲ್ಲ ಈ ನೆರಳಿನೊಡನೆ ನಡೆಸಿದ ಹೋರಾಟವೆನ್ನಬಹುದು. 1930ರಲ್ಲಿ ಅಮೆರಿಕದ ಸ್ಟ್ಯಾಫರ್ಡ್ ವಾರನ್ ಎರಡು ಕೋನಗಳಿಂದ ಚಿತ್ರ ತೆಗೆದು ಜೋಡಿಸಿ ನೋಡುವ ಕ್ರಮವನ್ನು ಬಳಸಿದ. ಉರುಗ್ವೆಯ ರೌಲ್ ಲೆಬೋರ್ಗ್ನೆ 1950ರ ಆಸುಪಾಸಿನಲ್ಲಿ, ಸ್ತನವನ್ನು ಒತ್ತಿ ತೆಳುವಾಗಿಸಿದರೆ ಚಿತ್ರ ತಿಳಿಯಾಗುವುದೆಂದು ತೋರಿಸಿದ. 1960ರಲ್ಲಿ ಹ್ಯೂಸ್ಟನ್ನಿನ ರಾಬರ್ಟ್ ಈಗನ್ ಎಲ್ಲ ಆಸ್ಪತ್ರೆಗಳೂ ಅನುಸರಿಸಬಹುದಾದ ವಿಧಾನವನ್ನು ಪ್ರಕಟಿಸಿದ. ಕೆಲವೇ ವರ್ಷಗಳಲ್ಲಿ ಫ್ರಾನ್ಸಿನ ಚಾರ್ಲ್ಸ್ ಗ್ರೋ ಅವರ ಶ್ರಮದಿಂದ ಸ್ತನಪರೀಕ್ಷೆಗೆಂದೇ ರೂಪಿಸಿದ ಪ್ರತ್ಯೇಕ ಯಂತ್ರವೂ ಬಂತು. ಮ್ಯಾಮೊಗ್ರಫಿ ಹೀಗೆ ನೆಲೆಯೂರಿತು.

ನೆರಳುಗಳನ್ನು ನಿಜವಾಗಿ ಬಿಡಿಸತೊಡಗಿದ್ದು ಟೊಮೊಸಿಂಥೆಸಿಸ್. ಬಾಸ್ಟನ್ನಿನ ಸಂಶೋಧಕರು 1997ರಲ್ಲಿ ಸ್ತನದ ಮಟ್ಟಿಗೆ ಇದನ್ನು ವಿವರಿಸಿದರು; 2011ರಲ್ಲಿ ಅಮೆರಿಕದಲ್ಲಿ ಇದರ ಬಳಕೆಗೆ ಅನುಮತಿ ದೊರೆಯಿತು. ಇದರಲ್ಲಿ ಕ್ಷ-ಕಿರಣದ ನಳಿಗೆ ಕಮಾನಿನಂತೆ ಬಾಗಿದ ದಾರಿಯಲ್ಲಿ ಸರಿಯುತ್ತ, ಯಂತ್ರಕ್ಕೆ ತಕ್ಕಂತೆ 9ರಿಂದ 25 ಚಿತ್ರಗಳನ್ನು ತೆಗೆಯುತ್ತದೆ. ದೀಪ ಸರಿದಂತೆ ಹತ್ತಿರದ ವಸ್ತುವಿನ ನೆರಳು ಒಂದಷ್ಟು, ದೂರದ್ದರ ನೆರಳು ಇನ್ನೊಂದಷ್ಟು ಸರಿಯುತ್ತದಲ್ಲವೇ? ಈ ವ್ಯತ್ಯಾಸವನ್ನು ಕಂಪ್ಯೂಟರ್ ಲೆಕ್ಕಹಾಕಿ, ಸ್ತನವನ್ನು ಪದರ ಪದರವಾಗಿ ತೋರಿಸುತ್ತದೆ.

ಇಲ್ಲಿ ಹೊಸದೊಂದು ತೊಡಕು ಹುಟ್ಟಿತು. ಚಲಿಸುವ ನಳಿಗೆಯಿಂದ ತೆಗೆದ ಚಿತ್ರ, ಓಡುವ ಬಸ್ಸಿನ ಕಿಟಕಿಯಿಂದ ತೆಗೆದ ಫೋಟೋದಂತೆ ತುಸು ಮಸುಕಾಗುತ್ತದೆ. ದೊಡ್ಡ ಗಂಟಿಗೆ ಇದರಿಂದ ಹೆಚ್ಚು ಬಾಧೆಯಿಲ್ಲ. ಆದರೆ ಸಾಲೊಮನ್ ಕಂಡಿದ್ದ ಆ ಸುಣ್ಣದ ಕಣಗಳು ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕವು, ಮಸುಕಾಗುವುದು ಅವೇ. ನಳಿಗೆಯ ಪಯಣ ದೀರ್ಘವಾದರೆ, ಒತ್ತಡದಲ್ಲಿ ನಿಂತ ಮಹಿಳೆ ಅಷ್ಟು ಹೊತ್ತು ಅಲುಗದೆ ಇರುವುದೂ ಕಷ್ಟ.

ಇದಕ್ಕೆ ಉತ್ತರವಾಗಿ ಬಂದದ್ದೇ ನಿಶ್ಚಲ ಬಹುಮೂಲ ವಿಧಾನ. ಒಬ್ಬನೇ ಲಾಟೀನು ಹಿಡಿದು ಸುತ್ತು ಬರುವುದರ ಬದಲು, ಹಣತೆಗಳನ್ನು ಸಾಲಾಗಿಟ್ಟು ಒಂದೊಂದನ್ನೇ ಬೆಳಗಿಸಿದಂತೆ. ಆದರೆ ಹಳೆಯ ಬಗೆಯ ಕ್ಷ-ಕಿರಣದ ನಳಿಗೆಯಲ್ಲಿ ಇಲೆಕ್ಟ್ರಾನುಗಳನ್ನು ಹೊರಡಿಸಲು ಟಂಗ್‌ಸ್ಟನ್ ತಂತಿಯನ್ನು ಕೆಂಪಗೆ ಕಾಯಿಸಬೇಕು. ಅಂಥ ಹತ್ತಾರು ನಳಿಗೆಗಳನ್ನು ಒತ್ತೊತ್ತಾಗಿ ಕೂರಿಸಿ, ಕ್ಷಣಾರ್ಧದಲ್ಲಿ ಹಚ್ಚಿ ಆರಿಸುವುದು ಕಷ್ಟ. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಇಂಗಾಲದ ಅತಿಸೂಕ್ಷ್ಮ ಕೊಳವೆಗಳನ್ನು ವರದಿ ಮಾಡಿದ ಮೇಲೆ ದಾರಿ ತೆರೆಯಿತು. ವಿದ್ಯುತ್ ಕ್ಷೇತ್ರಕ್ಕೆ ಒಡ್ಡಿದೊಡನೆ ಈ ಕೊಳವೆಗಳ ಮೊನೆಯಿಂದ ಇಲೆಕ್ಟ್ರಾನುಗಳು ಹೊಮ್ಮುತ್ತವೆ, ಕಾಯಿಸುವ ಅಗತ್ಯವಿಲ್ಲ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಒಟ್ಟೊ ಝೌ, ಜಿಯಾನ್‌ಪಿಂಗ್ ಲು ಮತ್ತು ಸಂಗಡಿಗರು ಇದನ್ನು ಬಳಸಿ 31 ಮೂಲಗಳ ಯಂತ್ರವನ್ನು ರೂಪಿಸಿದರು. ಅದರಲ್ಲಿ ಏನೂ ಚಲಿಸುವುದಿಲ್ಲ. ಮೂಲಗಳು ಒಂದಾದ ಮೇಲೊಂದು ಮಿನುಗುತ್ತವೆ, ಚಲನೆಯ ಮಸುಕು ಉಳಿಯುವುದಿಲ್ಲ. ಸಾಲೊಮನ್ನನಿಂದ ನೂರು ವರ್ಷದ ಈಚೆಗೂ ಈ ಯಂತ್ರವನ್ನು ಒರೆಗೆ ಹಚ್ಚುವಾಗ ಶಸ್ತ್ರಕ್ರಿಯೆಯಲ್ಲಿ ತೆಗೆದ ಸ್ತನದ ಅಂಗಾಂಶವೇ ನೆರವಿಗೆ ಬಂತು. ಆದರೂ ಇಂದಿಗೂ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಕಾಣುವ ಟೊಮೊಸಿಂಥೆಸಿಸ್ ಯಂತ್ರದಲ್ಲಿ ನಳಿಗೆ ಚಲಿಸುತ್ತದೆ.

ಈ ಎಲ್ಲ ಜಾಣ್ಮೆಯಿಂದ ಮಸ್ಕಿಯ ಹೆಣ್ಣುಮಗಳಿಗೆ ಏನು ಪ್ರಯೋಜನ? ಪ್ರಶ್ನೆ ಸಹಜವಾದುದೇ. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಆರಂಭವಾದದ್ದು 1973ರಲ್ಲಿ. ಅಲ್ಲಿ 1982ರಿಂದ ಇಟ್ಟುಕೊಂಡು ಬಂದಿರುವ ನೋಂದಣಿಯ ಮೊದಲ ವರ್ಷಗಳಲ್ಲಿ ಬೆಂಗಳೂರಿನ ಮಹಿಳೆಯರನ್ನು ಹೆಚ್ಚಾಗಿ ಕಾಡುತ್ತಿದ್ದುದು ಗರ್ಭಕೊರಳಿನ ಕ್ಯಾನ್ಸರ್. ಆಮೇಲೆ ಆ ಸ್ಥಾನಕ್ಕೆ ಸ್ತನದ ಕ್ಯಾನ್ಸರ್ ಬಂದಿದೆ. ಸಿಂಧನೂರು, ಲಿಂಗಸುಗೂರುಗಳಿಂದ ಆ ಆಸ್ಪತ್ರೆ ಸುಮಾರು 400 ಕಿಲೋಮೀಟರ್ ದೂರ. ಭತ್ತದ ನಾಟಿಯ ಕೂಲಿ ಬಿಟ್ಟು, ನೋವಿಲ್ಲದ ಗಂಟೊಂದನ್ನು ತೋರಿಸಲು ಅಷ್ಟು ದೂರ ಹೊರಡುವವರು ಎಷ್ಟು ಮಂದಿ? ಈ ರೋಗದ ಗಂಟು ಆರಂಭದಲ್ಲಿ ಹೆಚ್ಚಾಗಿ ನೋಯುವುದಿಲ್ಲ. ಮೋಸ ಇರುವುದು ಅಲ್ಲಿಯೇ.

ಯಂತ್ರ ಬರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ ಎಂಬುದನ್ನು ಮುಂಬಯಿ ತೋರಿಸಿದೆ. ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರಿದ್ದರು. ಅವರಲ್ಲಿ ಅರ್ಧದಷ್ಟು ಮಂದಿಯನ್ನು ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೀಗೆ ಪರೀಕ್ಷಿಸಿದವರಲ್ಲಿ ರೋಗ ಇನ್ನೂ ಮುಂಚಿನ ಹಂತದಲ್ಲೇ ಪತ್ತೆಯಾಯಿತು. ಎಲ್ಲ ವಯಸ್ಸಿನವರನ್ನೂ ಒಟ್ಟಾಗಿ ತೆಗೆದುಕೊಂಡರೆ ಸಾವಿನ ಇಳಿಕೆ ಖಚಿತವೆನ್ನುವಷ್ಟು ಇರಲಿಲ್ಲ. ಐವತ್ತು ದಾಟಿದವರಲ್ಲಿ ಮಾತ್ರ ಅದು ಸುಮಾರು ಶೇಕಡಾ 30ರಷ್ಟಿತ್ತು.

ಕೈಗೆ ಸಿಗದಷ್ಟು ಚಿಕ್ಕದನ್ನು ಕಾಣಲು ಯಂತ್ರ ಬೇಕೇ ಬೇಕು. ಆದರೆ ಯಂತ್ರದ ಬಳಿಗೆ ಯಾರು ಹೋಗಬೇಕೆಂದು ಮೊದಲು ಹೇಳಬಲ್ಲವು ಊರಿನಲ್ಲೇ ಇರುವ, ಕಲಿತ ಕೈಗಳು. ಎರಡರ ನಡುವಿನ ದಾರಿ ಹತ್ತಿರವಾಗದೆ ಚಿತ್ರ ಎಷ್ಟು ಸ್ಪಷ್ಟವಾದರೂ ಫಲವಿಲ್ಲ. ಮಸ್ಕಿಯ ಶಾಸನದಲ್ಲಿ ಅಶೋಕನ ಹೆಸರಷ್ಟೇ ಇಲ್ಲ, ಒಂದು ಮಾತೂ ಇದೆ: ಧರ್ಮದಿಂದ ಪಡೆಯಬಹುದಾದುದು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರಿಗೂ ಅದು ಸಾಧ್ಯ ಎಂದು. ವಿಜ್ಞಾನದಿಂದ ಪಡೆಯಬಹುದಾದುದಕ್ಕೂ ಆ ಮಾತು ಸಲ್ಲಬೇಕು.