ರೆನೆ ಮ್ಯಾಗ್ರಿಟ್‌ನ ಕಲಿಕೆಯ ಕಾಲ: ಕಸುಬು, ಕತ್ತರಿ ಮತ್ತು ಅತಿವಾಸ್ತವ

ಪೀಠಿಕೆ

ಬೆಲ್ಜಿಯಂನ ಅತಿವಾಸ್ತವವಾದಿ ಚಿತ್ರಕಾರ ರೆನೆ ಮ್ಯಾಗ್ರಿಟ್ (1898–1967) ಕುರಿತ ಬರಹಗಳು ಬಹುಮಟ್ಟಿಗೆ ಒಂದು ಸಾವಿನಿಂದ ಶುರುವಾಗುತ್ತವೆ. 1912ರ ಫೆಬ್ರವರಿಯಲ್ಲಿ ಆತನ ತಾಯಿ ರೆಜಿನಾ, ಶಾತ್‌ಲೆ ಊರಿನ ಮನೆಯಿಂದ ರಾತ್ರಿ ಹೊರಬಿದ್ದು ಸಾಂಬ್ರ್ ನದಿಯ ಪಾಲಾದಳು. ಶವ ಸಿಕ್ಕಿದ್ದು ಮಾರ್ಚ್ 12ರಂದು. ಹುಡುಗನಿಗೆ ಆಗ 13 ವರ್ಷ. ಶವವನ್ನು ಮೇಲೆತ್ತಿದಾಗ ರಾತ್ರಿಯುಡುಪು ಮುಖಕ್ಕೆ ಸುತ್ತಿಕೊಂಡಿತ್ತು ಎಂಬ ಸಂಗತಿಯನ್ನು ಮ್ಯಾಗ್ರಿಟ್‌ನ ಗೆಳೆಯ, ಕವಿ ಲೂಯಿ ಸ್ಕುಟನೇರ್ ಬರೆದಿಟ್ಟ. ಬಟ್ಟೆ ಮುಸುಕಿದ ಮುಖಗಳ ಜೋಡಿಯೊಂದನ್ನು ತೋರುವ 1928ರ ‘ಪ್ರೇಮಿಗಳು’ ಚಿತ್ರದ ಮೂಲ ಇದೇ ಎಂಬ ವಿವರಣೆ ಅಲ್ಲಿಂದ ಬೇರೂರಿತು.

ಈ ವಿವರಣೆಗೆ ಎರಡು ತೊಡಕುಗಳಿವೆ. ಬಾಲಕ ಆ ದೃಶ್ಯವನ್ನು ಕಣ್ಣಾರೆ ಕಂಡಿದ್ದನೇ ಎಂಬುದನ್ನು ಕಲಾವಿಮರ್ಶಕ ಡೇವಿಡ್ ಸಿಲ್ವೆಸ್ಟರ್ ಸಂಶಯಿಸಿದ್ದಾನೆ. ಎರಡನೆಯದು ಕಾಲದ ಪ್ರಶ್ನೆ. ಆಘಾತವೇ ಕಾರಣವಾಗಿದ್ದರೆ 1912ರಿಂದ ಹೆಚ್ಚುಕಡಿಮೆ 1925ರವರೆಗಿನ ಕೃತಿಗಳಲ್ಲಿ ಅದರ ಛಾಯೆ ಏಕಿಲ್ಲ? ಆ ಅವಧಿಯಲ್ಲಿ ಆತ ಮೊದಲು ಇಂಪ್ರೆಷನಿಸ್ಟರ ಜಾಡಿನಲ್ಲಿ, ಆಮೇಲೆ ಕ್ಯೂಬಿಸಂ ಮತ್ತು ಫ್ಯೂಚರಿಸಂಗಳ ಪ್ರಭಾವದಲ್ಲಿ ಚಿತ್ರ ಬರೆದ. ಮ್ಯಾಗ್ರಿಟ್‌ನ ವಿಧಾನ ರೂಪುಗೊಂಡದ್ದು ಹೊಟ್ಟೆಪಾಡಿಗಾಗಿ ಮಾಡಿದ ವಿನ್ಯಾಸದ ಕೆಲಸದಲ್ಲಿ ಎಂಬುದು ಈ ಲೇಖನದ ವಾದ.

ಅಕಾಡೆಮಿ ಮತ್ತು ಕಾರ್ಖಾನೆ

ತಂದೆ ಲಿಯೊಪೋಲ್ಡ್ ದರ್ಜಿಯಾಗಿದ್ದವನು. ತಾಯಿ ಮದುವೆಗೆ ಮುಂಚೆ ಹೆಂಗಸರ ಟೋಪಿ ತಯಾರಿಸುತ್ತಿದ್ದಳು. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಮ್ಯಾಗ್ರಿಟ್ ಬ್ರಸೆಲ್ಸ್‌ನ ರಾಯಲ್ ಅಕಾಡೆಮಿ ಸೇರಿದ. ಅಲ್ಲಿನ ಪಾಠ ಆತನಿಗೆ ರುಚಿಸಲಿಲ್ಲ. 1922ರಲ್ಲಿ ಜಾರ್ಜೆಟ್ ಬೆರ್ಗರ್‌ಳನ್ನು ಮದುವೆಯಾದ. ಸಂಸಾರ ಹೂಡಿದ ಈ ದಿನಗಳಲ್ಲಿ ಪೀಟರ್ಸ್-ಲಾಕ್ರ್ವಾ ವಾಲ್‌ಪೇಪರ್ ಕಾರ್ಖಾನೆಯಲ್ಲಿ ವಿನ್ಯಾಸಕಾರನಾಗಿ ದುಡಿದ. ಅಮೂರ್ತ ಚಿತ್ರಕಾರ ವಿಕ್ಟರ್ ಸರ್ವ್ರಾಂಕ್ಸ್ ಅಲ್ಲಿ ಜೊತೆಗಿದ್ದ. 1923ರ ಸುಮಾರಿಗೆ ಆ ಕೆಲಸ ಬಿಟ್ಟು ಪೋಸ್ಟರ್, ಜಾಹೀರಾತುಗಳಿಗೆ ಇಳಿದ. ನೋರಿನ್ ಎಂಬ ಉಡುಪಿನ ಮಳಿಗೆಗೂ ಚಿತ್ರ ಬರೆದುಕೊಟ್ಟ.

ವಾಲ್‌ಪೇಪರ್ ವಿನ್ಯಾಸದ ಶಿಸ್ತೇ ಬೇರೆ. ಒಂದು ಆಕೃತಿಯನ್ನು ಸ್ಪಷ್ಟ ಗೆರೆಯಲ್ಲಿ ಬಿಡಿಸಬೇಕು, ಬಣ್ಣವನ್ನು ಸಮನಾಗಿ ತುಂಬಬೇಕು, ಒಂದು ಹಾಳೆಯ ಅಂಚು ಪಕ್ಕದ ಹಾಳೆಯ ಅಂಚಿಗೆ ಕೂಡಬೇಕು. ಆಕೃತಿ ಗೋಡೆಯುದ್ದಕ್ಕೂ ಮರುಕಳಿಸುವುದರಿಂದ ಕುಂಚದ ವೈಯಕ್ತಿಕ ಬೀಸಿಗೆ ಅಲ್ಲಿ ಎಡೆಯಿಲ್ಲ. ಜಾಹೀರಾತಿನದು ಇನ್ನೊಂದು ಪಾಠ: ದಾರಿಹೋಕನ ಕಣ್ಣಿಗೆ ವಸ್ತು ಕೂಡಲೇ ಗುರುತು ಸಿಗಬೇಕು.

ಕಿರಿಕೊ ತೋರಿದ ದಾರಿ

1923ರ ಸುಮಾರಿಗೆ ಜಾರ್ಜೊ ಡಿ ಕಿರಿಕೊನ ‘ಪ್ರೇಮಗೀತೆ’ (1914) ಮ್ಯಾಗ್ರಿಟ್‌ನ ಕಣ್ಣಿಗೆ ಬಿತ್ತು. ಅಪೋಲೊ ಪ್ರತಿಮೆಯ ತಲೆ, ಗೋಡೆಗೆ ತೂಗುಹಾಕಿದ ರಬ್ಬರ್ ಕೈಗವಸು, ಕೆಳಗೊಂದು ಚೆಂಡು. ಆತ ನೋಡಿದ್ದು ಮುದ್ರಿತ ಪ್ರತಿಯನ್ನು. ಮುದ್ರಣದಲ್ಲಿ ಕುಂಚದ ಸೊಗಸು ಬಹುಪಾಲು ಮಾಸುತ್ತದೆ. ಉಳಿಯುವುದು ಸಂಬಂಧವಿಲ್ಲದ ವಸ್ತುಗಳ ನೆರೆಹೊರೆ. ಗೆರೆ ಮತ್ತು ಜೋಡಣೆಗಳಲ್ಲಿ ಪಳಗಿದ ವಿನ್ಯಾಸಕಾರನಿಗೆ ಬೇಕಾದದ್ದು ಅದೇ. ಹೇಗೆ ಬರೆಯಬೇಕು ಎಂಬುದಕ್ಕಿಂತ ಏನನ್ನು ಬರೆಯಬೇಕು ಎಂಬ ಪ್ರಶ್ನೆ ಇಲ್ಲಿಂದ ಮುಂದೆ ಬಂತು.

ಅದರ ಫಲ 1926ರ ‘ಕಳೆದುಹೋದ ಕುದುರೆ ಸವಾರ’ದಲ್ಲಿದೆ. ಸವಾರನ ಸುತ್ತ ಕಟಾಂಜನದ ಕಂಬಗಳಂತೆ ಕಡೆದ ಬೃಹತ್ ಕಂಬಗಳು ಮರಗಳಾಗಿ ಕೊಂಬೆಯೊಡೆದಿವೆ. ಅದೇ ವರ್ಷದ ಕೊಲಾಜ್ ರೂಪದಲ್ಲಿ ಈ ಕಂಬಗಳನ್ನು ಸಂಗೀತದ ಮುದ್ರಿತ ಸ್ವರಹಾಳೆಯಿಂದ ಕತ್ತರಿಸಿ ಅಂಟಿಸಲಾಗಿದೆ. ಒಂದೇ ಅಚ್ಚಿನ ಆಕೃತಿ ಮತ್ತೆ ಮತ್ತೆ ಬರುವುದು ವಾಲ್‌ಪೇಪರಿನ ಲಕ್ಷಣ. ಗೋಡೆಯ ಮೇಲೆ ಕಣ್ಣಿಗೆ ಹಿತವಾಗುವ ಈ ಮರುಕಳಿಕೆ ಇಲ್ಲಿ ಸವಾರನಿಗೆ ದಿಕ್ಕು ತಪ್ಪಿಸುತ್ತದೆ: ಎತ್ತ ಹೋದರೂ ಅದೇ ಕಂಬ. ಚಿತ್ರದ ಭಯ ಹುಟ್ಟುವುದು ವಿನ್ಯಾಸದಿಂದಲೇ.

ಆಕ್ಷೇಪ ಮತ್ತು ಸಮಾಧಾನ

ಮ್ಯಾಗ್ರಿಟ್ ಸ್ವತಃ ಜಾಹೀರಾತಿನ ಕೆಲಸವನ್ನು ಹೀಗಳೆಯುತ್ತಿದ್ದ. ಹಾಗಿರುವಾಗ ಅದನ್ನು ಆತನ ಗುರುಕುಲ ಎನ್ನಬಹುದೇ? ಇಷ್ಟವಿಲ್ಲದ ಕೆಲಸವೂ ಕೈಯನ್ನು ಪಳಗಿಸುತ್ತದೆ. ಆತನ ವಲಯವೂ ಇದಕ್ಕೆ ಒತ್ತಾಸೆಯಾಗಿತ್ತು. ಪ್ಯಾರಿಸ್‌ನಲ್ಲಿ ಆಂದ್ರೆ ಬ್ರೆತಾನ್ 1924ರ ಪ್ರಣಾಳಿಕೆಯಲ್ಲಿ ಬುದ್ಧಿಯ ಹಿಡಿತ ಮೀರಿದ ಸ್ವಯಂಚಾಲಿತ ಬರವಣಿಗೆಯನ್ನು ಎತ್ತಿಹಿಡಿದರೆ, ಬ್ರಸೆಲ್ಸ್‌ನ ಗುಂಪಿನ ಚಿಂತಕ ಪಾಲ್ ನೂಜೆ ಅದನ್ನು ನಂಬಲಿಲ್ಲ. ಪರಿಚಿತ ವಸ್ತುವನ್ನು ಲೆಕ್ಕಹಾಕಿ ಅಸ್ಥಾನದಲ್ಲಿಡುವುದು ಅವನಿಗೆ ಮುಖ್ಯ. ಸಾಮ್ಯುಯೆಲ್ ಎಂಬ ತುಪ್ಪಳದ ಉಡುಪಿನ ಅಂಗಡಿಯ ಕ್ಯಾಟಲಾಗಿಗೆ ಮ್ಯಾಗ್ರಿಟ್ ಚಿತ್ರ ಒದಗಿಸಿದಾಗ ಪಠ್ಯ ಬರೆದವನು ಇದೇ ನೂಜೆ. ವ್ಯಾಪಾರದ ಚಿತ್ರಕ್ಕೂ ಅತಿವಾಸ್ತವಕ್ಕೂ ನಡುವಿನ ಗೋಡೆ ಎಷ್ಟು ತೆಳ್ಳಗಿತ್ತು ಎಂಬುದಕ್ಕೆ ಇದು ಸಾಕ್ಷಿ.

1927ರಲ್ಲಿ ಬ್ರಸೆಲ್ಸ್‌ನ ಲ ಸಾಂತೋರ್ ಗ್ಯಾಲರಿಯಲ್ಲಿ ಆತನ 61 ಕೃತಿಗಳ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆಯಿತು. ವಿಮರ್ಶಕರು ಮೆಚ್ಚಲಿಲ್ಲ. ಆ ವರ್ಷವೇ ಪ್ಯಾರಿಸ್ ಬಳಿಯ ಪೆರ‍್ರೂ-ಸುರ್-ಮಾರ್ನ್‌ಗೆ ಹೋಗಿ ನೆಲೆಸಿದ. ಪೈಪ್ ಒಂದನ್ನು ಬರೆದು, ಕೆಳಗೆ ಇದು ಪೈಪ್ ಅಲ್ಲವೆಂದು ನಮೂದಿಸಿದ 1929ರ ‘ಬಿಂಬಗಳ ವಂಚನೆ’ಯ ರಚನೆ ಜಾಹೀರಾತಿನದೇ: ಖಾಲಿ ಹಿನ್ನೆಲೆ, ಒಂದು ಸರಕು, ಅಡಿಯಲ್ಲಿ ಒಕ್ಕಣೆ. ಸರಕನ್ನು ಹೊಗಳಬೇಕಾದ ಒಕ್ಕಣೆ ಇಲ್ಲಿ ಅದನ್ನು ನಿರಾಕರಿಸುತ್ತದೆ.

ಉಪಸಂಹಾರ

1930ರಲ್ಲಿ ಬ್ರಸೆಲ್ಸ್‌ಗೆ ಮರಳಿದ ಮ್ಯಾಗ್ರಿಟ್ ತಮ್ಮ ಪಾಲ್ ಜೊತೆಗೂಡಿ ಮತ್ತೆ ಜಾಹೀರಾತಿಗೆ ಕೈಹಾಕಿದ. ಮಾಗಿದ ಕಾಲದ ‘ಗೋಲ್ಕೊಂಡ’ದಲ್ಲೂ (1953), ನಮ್ಮ ದಖ್ಖನ್ನಿನ ಕೋಟೆಯ ಹೆಸರು ಹೊತ್ತ ಆ ಚಿತ್ರದಲ್ಲೂ, ಟೋಪಿ ಧರಿಸಿದ ಗಂಡಸರು ಆಕಾಶದ ತುಂಬ ಸಮಾನಾಂತರದಲ್ಲಿ ನಿಂತಿದ್ದಾರೆ, ಅದು ಮತ್ತೆ ವಾಲ್‌ಪೇಪರಿನದೇ ಹಂದರ. ತಾಯಿಯ ಸಾವು ಆತನನ್ನು ಕಾಡಿರಬಹುದು. ಕೆಲವು ಚಿತ್ರಗಳಿಗೆ ವಸ್ತುವೂ ಆಗಿರಬಹುದು. ಆದರೆ ವಸ್ತುವಿನ ಮೂಲವನ್ನು ಶೈಲಿಯ ಮೂಲವೆಂದು ಎಣಿಸಿದರೆ ಕಲಾವಿದನ ದುಡಿಮೆಯೇ ಮರೆಯಾಗುತ್ತದೆ. ಅತಿವಾಸ್ತವವಾದವನ್ನು ಕನಸಿನ ಲೆಕ್ಕಕ್ಕೇ ಜಮಾ ಮಾಡುವ ವಾಡಿಕೆಯನ್ನು ಮ್ಯಾಗ್ರಿಟ್‌ನ ಮಟ್ಟಿಗಾದರೂ ಕೈಬಿಡಬೇಕಾಗುತ್ತದೆ.