ಅಚ್ಚಿನ ತಪ್ಪು, ರಬ್ಬರ್ ಬ್ಯಾಂಡು ಮತ್ತು ಮರೆತುಹೋದ ಆಟಗಾರರು

ನಮಗೆ ಕ್ರಿಕೆಟ್ ಹೇಗೋ ಅಮೆರಿಕದವರಿಗೆ ಬೇಸ್‌ಬಾಲ್ ಹಾಗೆ. 1909ರಿಂದ 1911ರವರೆಗೆ ಅಲ್ಲಿನ ಅಮೆರಿಕನ್ ಟೊಬ್ಯಾಕೊ ಕಂಪನಿ ಸಿಗರೇಟ್ ಪ್ಯಾಕಿನೊಳಗೆ ಆಟಗಾರರ ಬಣ್ಣದ ಚಿತ್ರವಿದ್ದ ಪುಟ್ಟ ಕಾರ್ಡ್ ಇಟ್ಟು ಮಾರುತ್ತಿತ್ತು. ಗಿರಾಕಿ ಮತ್ತೆ ಬರಲಿ ಎಂಬ ಲೆಕ್ಕ. ಐನೂರಕ್ಕೂ ಹೆಚ್ಚು ಬಗೆಯ ಈ ಕಾರ್ಡುಗಳಿಗೆ ಸಂಗ್ರಾಹಕರು ಕೊಟ್ಟ ಹೆಸರು ಟಿ206. ಅದರಲ್ಲಿ ಹೋನಸ್ ವ್ಯಾಗ್ನರ್ ಎಂಬ ದೊಡ್ಡ ಆಟಗಾರನ ಒಂದು ಕಾರ್ಡ್ 2022ರಲ್ಲಿ 72.5 ಲಕ್ಷ ಡಾಲರಿಗೆ ಹೋಯಿತು. ಆ ಕತೆಯನ್ನು ಎಲ್ಲರೂ ಬರೆದಿದ್ದಾರೆ. ನಮಗೆ ಹೇಳಬೇಕಿರುವುದು ಜೋ ಡಾಯ್ಲ್‌ನದು.

ಡಾಯ್ಲ್ ನ್ಯೂಯಾರ್ಕ್ ಹೈಲ್ಯಾಂಡರ್ಸ್ ತಂಡದ ಬೌಲರ್ (ಅಲ್ಲಿ ಪಿಚರ್ ಅನ್ನುತ್ತಾರೆ). ಒಂದು ಚೆಂಡಿಗೂ ಇನ್ನೊಂದಕ್ಕೂ ನಡುವೆ ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದನಂತೆ, ಅದಕ್ಕೇ ‘ಸ್ಲೋ ಜೋ’ ಎಂಬ ಅಡ್ಡಹೆಸರು. ಆಡಿದ್ದು ನಾಲ್ಕೈದು ವರ್ಷ, ಅಷ್ಟೆ. ಅದೇ ಊರಿನ ಇನ್ನೊಂದು ತಂಡ ಜೈಂಟ್ಸ್‌ನಲ್ಲಿ ಲ್ಯಾರಿ ಡಾಯ್ಲ್ ಎಂಬ ಹೆಸರಾಂತ ಆಟಗಾರನಿದ್ದ. ಅಚ್ಚು ಮಾಡುವವರು ಇಬ್ಬರನ್ನೂ ಗೊಂದಲ ಮಾಡಿಕೊಂಡು, ಜೋನ ಚಿತ್ರದ ಕೆಳಗೆ ಜೈಂಟ್ಸ್ ಆಡುತ್ತಿದ್ದ ನ್ಯಾಷನಲ್ ಲೀಗಿನ ಗುರುತು ಹಾಕಿಬಿಟ್ಟರು. ಬೇಗನೇ ಆ ಪದ ಅಳಿಸಿ ಮತ್ತೆ ಅಚ್ಚು ಹಾಕಿದರು. ತಪ್ಪು ಇರುವ ಕಾರ್ಡು ಇಂದು ಬೆರಳೆಣಿಕೆಯಷ್ಟೇ ಉಳಿದಿವೆ, ಬೆಲೆ ಲಕ್ಷಾಂತರ ಡಾಲರ್. ತಿದ್ದಿದ ಕಾರ್ಡಿಗೆ ಸಾಮಾನ್ಯ ಬೆಲೆ. ಅದೇ ಮುಖ, ಅದೇ ಚೆಂಡು! ಹಾಗಾಗಿ ತಿದ್ದಿದ ಕಾರ್ಡಿಗೆ ಆ ಪದ ಸೇರಿಸಿ ಮೋಸ ಮಾಡುವವರೂ ಹುಟ್ಟಿಕೊಂಡರು.

ಆಂಡಿ ಪಾಫ್ಕೋ ಒಳ್ಳೆಯ ಆಟಗಾರನೇ, ಆದರೆ ಮಿಕಿ ಮ್ಯಾಂಟಲ್‌ನಂಥ ಹೆಸರಲ್ಲ. ಟಾಪ್ಸ್ ಕಂಪನಿಯ 1952ರ 407 ಕಾರ್ಡುಗಳಲ್ಲಿ ಅವನದು ಒಂದನೇ ನಂಬರ್. ಹುಡುಗರು ಕಾರ್ಡುಗಳನ್ನು ನಂಬರಿನಂತೆ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು. ಮೇಲಿದ್ದ ಪಾಫ್ಕೋ ಅಂಚು ಹರಿದು, ಮೂಲೆ ಸವೆದು ಹೋದ. ಹಾಗಾಗಿ ಮುಕ್ಕಾಗದ ಪಾಫ್ಕೋ ಅಪರೂಪ. ಅಂಥದೊಂದು 1998ರಲ್ಲಿ 83,870 ಡಾಲರಿಗೆ ಮಾರಾಟವಾಯಿತು.

ಇಂಥ ಅದೃಷ್ಟವಿಲ್ಲದ ಉಳಿದವರನ್ನು ವ್ಯಾಪಾರಿಗಳು ‘ಕಾಮನ್’ ಎಂದು ಕರೆದು ಕಟ್ಟುಗಟ್ಟಲೆ ಮಾರುತ್ತಾರೆ. ಒಂದೆರಡು ವರ್ಷ ಆಡಿ ಮನೆಗೆ ಹೋದ ಎಷ್ಟೋ ಜನರ ಮುಖ ಸಾಮಾನ್ಯರ ಕೈಗೆ ಸಿಗುವುದು ಈ ಕಾರ್ಡಿನಲ್ಲೇ. ಇದನ್ನು ಕಾಮನ್ ಅನ್ನುವುದು ನಮಗಂತೂ ಸರಿ ಕಾಣುವುದಿಲ್ಲ.

ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿದ್ದ ಜೆಫರ್ಸನ್ ಬರ್ಡಿಕ್‌ಗೆ ಆ ಭೇದ ಇರಲಿಲ್ಲ. ಟಿ206 ಎಂಬ ಗುರುತು ಕೊಟ್ಟವನೇ ಆತ. ಸಂಧಿವಾತದಿಂದ ಬೆರಳು ಸೊಟ್ಟಗಾಗಿದ್ದರೂ ಎಲ್ಲ ಬಗೆಯ ಕಾರ್ಡು, ಲೇಬಲ್ಲು ಸೇರಿ ಮೂರು ಲಕ್ಷಕ್ಕೂ ಹೆಚ್ಚು ಚೀಟಿಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ದಾನ ಕೊಟ್ಟ. ಬೇಸ್‌ಬಾಲ್ ಕಾರ್ಡೇ ಸುಮಾರು 30,000. ಮ್ಯೂಸಿಯಂನಲ್ಲೇ ಕೂತು ಒಂದೊಂದನ್ನೂ ಆಲ್ಬಂಗೆ ಅಂಟಿಸಿದ. ಗೋಂದು ತಾಗಿದರೆ ಕಾರ್ಡಿನ ಬೆಲೆ ಬೀಳುತ್ತದೆ ಎಂದು ಇಂದಿನ ವ್ಯಾಪಾರಿಗಳು ಹಣೆ ಚಚ್ಚಿಕೊಳ್ಳುತ್ತಾರೆ. ಆತ ವ್ಯಾಗ್ನರನಿಗೂ ಅದೇ ಗೋಂದು ಹಚ್ಚಿದ. ಕೆಲಸ ಮುಗಿದದ್ದು 1963ರ ಜನವರಿಯಲ್ಲಿ, ಆತ ತೀರಿಕೊಂಡದ್ದು ಮಾರ್ಚ್‌ನಲ್ಲಿ.