ಬಫೆ ಭೋಜನದ ಪೂರ್ವೋತ್ತರ

ಕೊಟ್ಟ ಹಣಕ್ಕೆ ಊಟವು ಸರಿಹೋಯಿತೇ ಎಂಬ ವಿಚಾರವು ಛತ್ರದಲ್ಲಿ ಉಂಡವನಿಗೆ ಬಾರದು. ನಂಟರ ಮನೆಯಲ್ಲಿ ಉಂಡವನಿಗೂ ಬಾರದು. ಅದು ಬರುವುದು ಹೋಟಲಿನಲ್ಲಿ ಉಂಡವನಿಗೆ. ಅದರಲ್ಲಿಯೂ, ತಲೆಗೆ ಇಷ್ಟೆಂದು ಒಂದೇ ಬೆಲೆಯನ್ನು ತೆತ್ತು, ಸಾಲಾಗಿ ಇಟ್ಟಿರುವ ಪಾತ್ರೆಗಳಿಂದ ಬೇಕಾದುದನ್ನು ಬೇಕಾದಷ್ಟು ತಾನೇ ಬಡಿಸಿಕೊಳ್ಳುವ ಬಫೆ ಎಂಬ ಭೋಜನಕ್ರಮದಲ್ಲಿ ಈ ವಿಚಾರವು ಮನುಷ್ಯನನ್ನು ವಿಶೇಷವಾಗಿ ಬಾಧಿಸುತ್ತದೆ. ಬೆಂಗಳೂರು ಮೈಸೂರುಗಳ ದೊಡ್ಡ ಹೋಟಲುಗಳಲ್ಲಿ ಮಾತ್ರವಲ್ಲದೆ ಜಿಲ್ಲೆಯ ಮುಖ್ಯಪಟ್ಟಣಗಳ ಕಲ್ಯಾಣಮಂಟಪಗಳಲ್ಲಿಯೂ ಈ ಕ್ರಮವು ಈಗ ನೆಲೆಯೂರಿರುವುದರಿಂದ, ಇದು ಎಲ್ಲಿಂದ ಬಂದಿತು, ಯಾರ ಲಾಭಕ್ಕಾಗಿ ಬಂದಿತು ಎಂಬುದನ್ನು ಪರ್ಯಾಲೋಚಿಸುವುದು ಅಪ್ರಸ್ತುತವಾಗಲಾರದು. ಇದರಿಂದ ಗಿಟ್ಟುತ್ತದೆಯೇ ಎಂಬ ಪ್ರಶ್ನೆಗೆ ತಟ್ಟೆಯನ್ನು ನೋಡಿ ಉತ್ತರ ಹೇಳುವವರೇ ಬಹುಮಂದಿ. ಚರಿತ್ರೆಯನ್ನು ನೋಡಿದರೆ ಉತ್ತರವು ಬೇರೆಡೆ ಇರುವಂತೆ ನನಗೆ ತೋರುತ್ತದೆ. ಊಟವಿಟ್ಟವನು ನಿಜವಾಗಿ ಮಾರುತ್ತಿರುವುದು ಏನನ್ನು ಎಂಬುದನ್ನು ಮೊದಲು ಕೇಳಿಕೊಳ್ಳಬೇಕು.

ಬಫೆ ಎಂಬುದು ಫ್ರೆಂಚ್ ಭಾಷೆಯ ಮಾತು. ಪೂರ್ವದಲ್ಲಿ ಅದು ಊಟದ ಹೆಸರಾಗಿರಲಿಲ್ಲ. ಗೋಡೆಗೆ ಒತ್ತಿ ನಿಲ್ಲಿಸುವ ಒಂದು ಮರದ ಸಾಮಾನಿನ ಹೆಸರಾಗಿತ್ತು. ಶ್ರೀಮಂತರು ತಮ್ಮ ಬೆಳ್ಳಿಬಂಗಾರದ ಪಾತ್ರೆಗಳನ್ನು ಬಂದವರ ಕಣ್ಣಿಗೆ ಬೀಳುವಂತೆ ಅದರ ಮೇಲೆ ಜೋಡಿಸುತ್ತಿದ್ದರು. ಉಣ್ಣಿಸುವುದಕ್ಕಿಂತ ತೋರಿಸುವುದೇ ಅದರ ಮುಖ್ಯ ಪ್ರಯೋಜನ. ಆ ಗುಣವನ್ನು ಅದು ಇಂದಿಗೂ ಪೂರ್ತಿಯಾಗಿ ಬಿಟ್ಟಿಲ್ಲ. ಫ್ರೆಂಚರ ಔತಣಗಳಲ್ಲಿ ಅನೇಕ ಭಕ್ಷ್ಯಗಳನ್ನು ಏಕಕಾಲದಲ್ಲಿ ಮೇಜಿನ ತುಂಬ ಹರಡುವುದು ಬಹುಕಾಲದ ಸಂಪ್ರದಾಯವಾಗಿತ್ತು. 1810ರ ಸುಮಾರಿನಲ್ಲಿ ಪ್ಯಾರಿಸಿನಲ್ಲಿ ರಷ್ಯದ ರಾಯಭಾರಿಯಾಗಿದ್ದ ಕುರಾಕಿನ್ ಎಂಬ ಪ್ರಭುವು, ಒಂದಾದಮೇಲೊಂದರಂತೆ ಬಡಿಸುವ ತನ್ನ ದೇಶದ ಪದ್ಧತಿಯನ್ನು ಅಲ್ಲಿಗೆ ತಂದನೆಂದು ಪ್ರತೀತಿ. ಬಿಸಿಯಾದದ್ದು ಬಿಸಿಯಾಗಿಯೇ ಬಾಯಿಗೆ ಬರುವುದರಿಂದ ಆ ಶತಮಾನದಲ್ಲಿ ರಷ್ಯದ ಪದ್ಧತಿಯೇ ಗೆದ್ದಿತು. ಎಲ್ಲವನ್ನೂ ಒಟ್ಟಿಗೆ ಹರಡುವ ರೂಢಿಯು ಮತ್ತೆ ಲೋಕಪ್ರಸಿದ್ಧವಾದದ್ದು ಉತ್ತರದ ಶೀತದೇಶವಾದ ಸ್ವೀಡನ್ನಿನ ಮೂಲಕ.

ಸ್ವೀಡನ್ನಿನ ಗೃಹಸ್ಥರ ಮನೆಗಳಲ್ಲಿ ನಿಜವಾದ ಊಟಕ್ಕೆ ಮುಂಚೆ ಪಕ್ಕದ ಒಂದು ಸಣ್ಣ ಮೇಜಿನ ಮೇಲೆ ರೊಟ್ಟಿ, ಬೆಣ್ಣೆ, ಗಿಣ್ಣು, ಉಪ್ಪಿನಲ್ಲಿಟ್ಟ ಮೀನು, ಇವುಗಳೊಡನೆ ಅವರ ದೇಶದ ಮದ್ಯವನ್ನು ಇಡುತ್ತಿದ್ದರು. (ಶಾಕಾಹಾರಿಗಳಾದ ವಾಚಕರು ಮನ್ನಿಸಬೇಕು, ಆ ಮೀನಿಲ್ಲದೆ ಈ ಚರಿತ್ರೆಯಿಲ್ಲ.) ಬಂದವರು ನಿಂತುಕೊಂಡೇ ಎರಡು ತುತ್ತು ತಿಂದು ಬಳಿಕ ದೊಡ್ಡ ಮೇಜಿಗೆ ಹೋಗುವರು. ಇದೇ ಬೆಳೆದು ಸ್ಮೊರ್ಗಾಸ್‌ಬೋರ್ಡ್ ಎಂಬ ಹೆಸರನ್ನು ಪಡೆಯಿತು. 1912ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದ ಕಾಲಕ್ಕೆ ಅಲ್ಲಿಯ ಭೋಜನಶಾಲೆಗಳು ಈ ಪೀಠಿಕೆಯನ್ನೇ ಪೂರ್ಣ ಊಟವನ್ನಾಗಿ ಮಾಡಿ ಬಡಿಸತೊಡಗಿದವು. 1939ರ ನ್ಯೂಯಾರ್ಕಿನ ಜಾಗತಿಕ ಪ್ರದರ್ಶನದಲ್ಲಿ ಸ್ವೀಡನ್ನಿನವರು ತಮ್ಮ ಭೋಜನಶಾಲೆಯಲ್ಲಿ ತಿರುಗುವ ಮೇಜೊಂದನ್ನು ಇಟ್ಟು, ಭಕ್ಷ್ಯಗಳೇ ಉಣ್ಣುವವನೆದುರಿಗೆ ಬಂದು ನಿಲ್ಲುವಂತೆ ಮಾಡಿದ್ದರು.

ಸ್ವೀಡನ್ನಿನವರ ಕ್ರಮದಲ್ಲಿ ಒಂದು ಸಂಗತಿಯು ನಮ್ಮವರ ಗಮನಕ್ಕೆ ತಕ್ಕದ್ದು. ಮೇಜು ತುಂಬಿದ್ದರೂ ಅಲ್ಲಿ ಅವ್ಯವಸ್ಥೆಯಿಲ್ಲ. ಮೊದಲು ಉಪ್ಪುಮೀನಿನ ಬಗೆಗಳು, ಆಮೇಲೆ ತಣ್ಣನೆಯ ಬೇರೆ ಮೀನುಗಳು, ತರುವಾಯ ತಣ್ಣನೆಯ ಮಾಂಸಗಳು, ಅನಂತರ ಬಿಸಿಯವು, ಕೊನೆಗೆ ಸಿಹಿ. ಪ್ರತಿಯೊಂದು ಸಲವೂ ಸ್ವಲ್ಪವೇ ಬಡಿಸಿಕೊಂಡು, ತಿಂದು, ಹಿಂದಿನ ತಟ್ಟೆಯನ್ನು ಬಿಟ್ಟು ಹೊಸ ತಟ್ಟೆಯನ್ನು ಹಿಡಿಯಬೇಕು. ನಮ್ಮ ಎಲೆಯಲ್ಲಿ ಉಪ್ಪು, ಕೋಸಂಬರಿ, ಪಲ್ಯಗಳಿಂದ ತೊಡಗಿ ಮೊಸರು ಮಜ್ಜಿಗೆಗಳವರೆಗೆ ಒಂದು ಸರಣಿಯಿರುವಂತೆ ಅವರಲ್ಲಿಯೂ ಒಂದು ಸರಣಿಯಿದೆ; ಭೇದವೇನೆಂದರೆ, ನಮ್ಮಲ್ಲಿ ಸರಣಿಯನ್ನು ಕಾಯುವವನು ಬಡಿಸುವವನು, ಅವರಲ್ಲಿ ಉಣ್ಣುವವನು. ಬಫೆಯು ಹೊರದೇಶಗಳಿಗೆ ಪ್ರಯಾಣ ಮಾಡಿದಾಗ ಮೇಜು ಪ್ರಯಾಣ ಮಾಡಿತು, ಸರಣಿಯು ಹಿಂದುಳಿಯಿತು. ಒಂದೇ ತಟ್ಟೆಯಲ್ಲಿ ಪಲಾವಿನ ಮೇಲೆ ಜಿಲೇಬಿ, ಜಿಲೇಬಿಯ ಮೇಲೆ ಉಪ್ಪಿನಕಾಯಿಯ ಎಣ್ಣೆ ಹರಿಯುವ ದೃಶ್ಯವನ್ನು ನಾವು ಕಾಣುತ್ತಿರುವುದು ಅದರ ಫಲ.

ಇನ್ನು ಅಮೆರಿಕೆಯ ಪ್ರಕರಣ. ನೆವಾಡ ಸಂಸ್ಥಾನದಲ್ಲಿ 1931ರಲ್ಲಿ ಜೂಜಿಗೆ ಕಾಯಿದೆಯ ಅನುಮತಿ ದೊರೆಯಿತು. ಲಾಸ್ ವೇಗಾಸ್ ಪಟ್ಟಣದ ಹೊರಗೆ ಮರಳುಗಾಡಿನ ಹೆದ್ದಾರಿಯ ಮೇಲೆ 1941ರಲ್ಲಿ ಎಲ್ ರಾಂಚೋ ವೇಗಾಸ್ ಎಂಬ ಹೋಟಲು ತೆರೆಯಿತು. ಜೂಜಾಡುವವನಿಗೆ ನಡುರಾತ್ರಿಯಲ್ಲಿ ಹಸಿವಾದರೆ ಅವನು ಎದ್ದುಹೋಗುತ್ತಾನೆ; ಎದ್ದುಹೋದವನು ಮರಳಿ ಬರುವನೆಂಬ ನೆಚ್ಚಿಕೆಯಿಲ್ಲ. ಆದುದರಿಂದ ಆ ಹೋಟಲಿನವರು 1940ರ ದಶಕದಲ್ಲಿ ರಾತ್ರಿಯ ಹೊತ್ತು ಒಂದು ಡಾಲರಿಗೆ ಬೇಕಾದಷ್ಟು ತಿನ್ನಬಹುದೆಂದು ಸಾರಿ, ತಣ್ಣನೆಯ ಮಾಂಸ, ಗಿಣ್ಣು ಮೊದಲಾದವುಗಳ ಮೇಜೊಂದನ್ನು ಹೂಡಿದರು. ಪ್ರಚಾರದ ಕೆಲಸದಲ್ಲಿದ್ದ ಹರ್ಬ್ ಮೆಕ್‌ಡೊನಾಲ್ಡ್ ಎಂಬಾತನು ಒಂದು ರಾತ್ರಿ ತನಗಾಗಿ ಅಡಿಗೆಮನೆಯಿಂದ ರೊಟ್ಟಿ ಗಿಣ್ಣುಗಳನ್ನು ತಂದಿಟ್ಟುಕೊಂಡಿರಲು, ಹತ್ತಿರ ಹಾದುಹೋದ ಜೂಜಾಳುಗಳು ತಮಗೂ ಬೇಕೆಂದರೆಂದೂ, ಅದರಿಂದಲೇ ಈ ಉಪಾಯವು ಹೊಳೆಯಿತೆಂದೂ ಒಂದು ಕಥೆಯಿದೆ. ಕಥೆಯು ನಿಜವಾದರೂ ಆಗದಿದ್ದರೂ ಉಪಾಯವು ಫಲಿಸಿತು. ನೆರೆಯ ಹೋಟಲುಗಳೆಲ್ಲ ಅದನ್ನು ಅನುಸರಿಸಿದವು. 1960ರಲ್ಲಿ ಎಲ್ ರಾಂಚೋ ಬೆಂಕಿಗೆ ಆಹುತಿಯಾಯಿತು. ಆದರೆ ಅಷ್ಟರೊಳಗೆ ಬಫೆಯು ಆ ಪಟ್ಟಣದ ಲಾಂಛನವೇ ಆಗಿಬಿಟ್ಟಿತ್ತು.

ಈ ಊಟವು ಲಾಭವೋ ನಷ್ಟವೋ? ಒಂದು ಡಾಲರಿಗೆ ಅಷ್ಟು ಆಹಾರವು ಅಗ್ಗವೆಂಬುದರಲ್ಲಿ ಸಂದೇಹವಿಲ್ಲ. ಹೋಟಲಿನವನು ಊಟದಲ್ಲಿ ಕಳೆದುಕೊಳ್ಳುವುದಕ್ಕೆ ಸಿದ್ಧನಾಗಿಯೇ ಇದ್ದನು, ಏಕೆಂದರೆ ಅವನು ಮಾರುತ್ತಿದ್ದುದು ಊಟವನ್ನಲ್ಲ. ಉಂಡು ನೆಟ್ಟಗೆ ಮನೆಗೆ ಹೋದವನಿಗೆ ಅದರಂಥ ಅಗ್ಗದ ಊಟವಿಲ್ಲ; ಉಂಡು ಮತ್ತೆ ಜೂಜಿನ ಮೇಜಿಗೆ ಕುಳಿತವನಿಗೆ ಅದರಂಥ ದುಬಾರಿಯ ಊಟವಿಲ್ಲ. 2020ರ ಮಹಾಮಾರಿಯಲ್ಲಿ ಅಲ್ಲಿಯ ಬಫೆಗಳೆಲ್ಲ ಮುಚ್ಚಿದವು, ಅನೇಕವು ಮರಳಿ ತೆರೆಯಲೇ ಇಲ್ಲ. 2021ರಲ್ಲಿ ಮತ್ತೆ ತೆರೆದ ಸೀಸರ್ಸ್ ಪ್ಯಾಲೆಸ್ ಹೋಟಲಿನ ಬಕನಾಲ್‌ನಂತಹವು ಅಗ್ಗದ ಊಟಕ್ಕಾಗಿ ಹೆಸರಾದವುಗಳಲ್ಲ. ಅಲ್ಲಿ ಊಟವೇ ಮಾರಾಟದ ಸರಕು, ಬೆಲೆಯೂ ತದನುಗುಣವಾದದ್ದು.

ಇದಕ್ಕೆ ತೀರ ವಿರುದ್ಧವಾದ ನಿದರ್ಶನವು ಜಪಾನಿನದು. ಟೋಕಿಯೋ ನಗರದ ಇಂಪೀರಿಯಲ್ ಹೋಟಲು 1890ರಲ್ಲಿ ಸ್ಥಾಪಿತವಾದದ್ದು. 1923ರ ಭೂಕಂಪದ ದಿನವೇ ತೆರೆದ ಅದರ ಹೊಸ ಕಟ್ಟಡವು ಕುಸಿಯದೆ ನಿಂತದ್ದು ವಾಸ್ತುಶಿಲ್ಪದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಎರಡನೆಯ ಮಹಾಯುದ್ಧದ ತರುವಾಯ ಅದರ ಅಧ್ಯಕ್ಷನಾಗಿದ್ದ ಇನುಮಾರು ತೆತ್ಸುಜೋ ಎಂಬಾತನು 1957ರಲ್ಲಿ ಯೂರೋಪಿಗೆ ಹೋದಾಗ ಡೆನ್ಮಾರ್ಕಿನಲ್ಲಿ ಈ ಹರಡಿದ ಮೇಜನ್ನು ಕಂಡನು. ತನ್ನ ಹೋಟಲಿನ ಬಾಣಸಿಗನಾದ ಮುರಾಕಾಮಿ ನೊಬುಓ ಆಗ ಪ್ಯಾರಿಸಿನ ರಿಟ್ಸ್ ಹೋಟಲಿನಲ್ಲಿ ಕಲಿಯುತ್ತಿದ್ದನು. ಈ ಪದ್ಧತಿಯನ್ನು ಅಭ್ಯಾಸ ಮಾಡೆಂದು ಅವನಿಗೆ ಅಪ್ಪಣೆಯಾಯಿತು. 1958ನೆಯ ಇಸವಿಯ ಆಗಸ್ಟ್ ತಿಂಗಳ 1ನೆಯ ತಾರೀಖಿನಂದು ಹೋಟಲಿನ ಹೊಸ ಭಾಗದಲ್ಲಿ ಜಪಾನಿನ ಮೊದಲನೆಯ ಬಫೆಯು ಆರಂಭವಾಯಿತು. ಸ್ಮೊರ್ಗಾಸ್‌ಬೋರ್ಡ್ ಎಂಬ ಶಬ್ದವು ಜಪಾನೀಯರ ನಾಲಗೆಗೆ ಒಗ್ಗದ್ದರಿಂದ ಬೇರೆ ಹೆಸರನ್ನು ಹುಡುಕಬೇಕಾಯಿತು. ಆಗ ಹತ್ತಿರದ ಚಿತ್ರಮಂದಿರದಲ್ಲಿ 'ದಿ ವೈಕಿಂಗ್ಸ್' ಎಂಬ ಚಲಚ್ಚಿತ್ರವು ನಡೆಯುತ್ತಿತ್ತೆಂದೂ, ಅದರೊಳಗಿನ ಔತಣದ ವೈಭವವನ್ನು ನೋಡಿ 'ಇಂಪೀರಿಯಲ್ ವೈಕಿಂಗ್' ಎಂದು ಹೆಸರಿಟ್ಟರೆಂದೂ ಹೋಟಲಿನವರು ಹೇಳುತ್ತಾರೆ. ಇಂದು ಜಪಾನೀ ಭಾಷೆಯಲ್ಲಿ ಬಫೆಗೆ 'ಬೈಕಿಂಗು' ಎಂದೇ ವಾಡಿಕೆ. ವೈಕಿಂಗರು ಸಮುದ್ರಮಾರ್ಗದಿಂದ ಬಂದು ಕೊಳ್ಳೆಹೊಡೆಯುತ್ತಿದ್ದವರು. ಬಫೆಯ ಮೇಜಿನ ಮುಂದೆ ಕೆಲವರು ವರ್ತಿಸುವ ರೀತಿಯನ್ನು ನೋಡಿದರೆ ಹೆಸರು ತೀರ ಅನ್ವರ್ಥಕವೆನ್ನಬೇಕು!

ಮಧ್ಯಾಹ್ನದ ಊಟಕ್ಕೆ ಬೆಲೆ 1,200 ಯೆನ್. ರಾತ್ರಿಗೆ ಇನ್ನೂ ಹೆಚ್ಚು. ಆ ಕಾಲದಲ್ಲಿ ವಿಶ್ವವಿದ್ಯಾನಿಲಯದ ಪದವೀಧರನಿಗೆ ಮೊದಲನೆಯ ತಿಂಗಳ ಸಂಬಳವು ಸುಮಾರು 13,000 ಯೆನ್ ಇತ್ತೆಂಬುದನ್ನು ನೆನೆದರೆ, ಒಂದು ಊಟವು ತಿಂಗಳ ದುಡಿಮೆಯ ಹತ್ತರಲ್ಲೊಂದು ಪಾಲಿನಷ್ಟಾಯಿತು. ಆದರೂ ಜನರು ಬಂದರು. ಇದಕ್ಕೆ ಕಾರಣವು ಹೊಟ್ಟೆಬಾಕತನವಲ್ಲವೆಂದು ನನ್ನ ಅಭಿಪ್ರಾಯ. ಪಾಶ್ಚಾತ್ಯ ಭೋಜನವೆಂದರೆ ಆಗಿನ ಜಪಾನೀ ಗೃಹಸ್ಥನಿಗೆ ಫ್ರೆಂಚ್ ಹೆಸರುಗಳ ಪಟ್ಟಿ; ಯಾವ ಹೆಸರಿನ ಹಿಂದೆ ಯಾವ ವಸ್ತುವಿದೆಯೋ, ತರಿಸಿದ ಮೇಲೆ ತನಗೆ ಸೇರದಿದ್ದರೆ ಏನು ಗತಿಯೋ ಎಂಬ ಅಳುಕು. ಬಫೆಯಲ್ಲಿ ಪಟ್ಟಿಯನ್ನು ಓದಬೇಕಾಗಿಲ್ಲ, ವಸ್ತುವೇ ಕಣ್ಣೆದುರಿಗಿದೆ. ಒಂದು ಚಮಚದಷ್ಟು ತೆಗೆದುಕೊಂಡು ನೋಡಬಹುದು, ರುಚಿಸಿದರೆ ಮರಳಿ ಹೋಗಬಹುದು. ಅವರು ಕೊಂಡದ್ದು ಪರಿಚಯವನ್ನು. ಆ ಪರಿಚಯಕ್ಕೆ 1,200 ಯೆನ್ ಹೆಚ್ಚಲ್ಲವೆಂದು ಅವರಿಗೆ ತೋರಿರಬೇಕು. ಲಾಸ್ ವೇಗಾಸಿನಲ್ಲಿ ಅಗ್ಗವಾದದ್ದು ದುಬಾರಿಯಾದಂತೆ ಇಲ್ಲಿ ದುಬಾರಿಯಾದದ್ದು ಗಿಟ್ಟಿತು.

ಒಂದೇ ಬೆಲೆಗೆ ಮಿತಿಯಿಲ್ಲದ ಊಟವೆಂಬುದು ಕನ್ನಡಿಗರಿಗೆ ಹೊಸದೇನೂ ಅಲ್ಲ. ನಮ್ಮ ಊಟದ ಹೋಟಲುಗಳಲ್ಲಿ ಟಿಕೆಟ್ಟು ಪಡೆದು ಎಲೆಯ ಮುಂದೆ ಕುಳಿತವನಿಗೆ ಅನ್ನ, ಹುಳಿ, ಸಾರು, ಮಜ್ಜಿಗೆಗಳು ಬೇಡವೆನ್ನುವವರೆಗೆ ಬರುತ್ತಿದ್ದವು. ಆದರೆ ಹಪ್ಪಳವು ಒಂದು, ಸಿಹಿಯು ಒಂದು ಬಟ್ಟಲು, ಗಟ್ಟಿಮೊಸರು ಒಂದು ಬಟ್ಟಲು. ಅಗ್ಗವಾದುದಕ್ಕೆ ಮಿತಿಯಿಲ್ಲ, ಬೆಲೆಯುಳ್ಳದ್ದಕ್ಕೆ ಲೆಕ್ಕವುಂಟು. ಬಫೆಯ ಹೋಟಲುಗಾರನು ಲೆಕ್ಕವನ್ನು ಬಾಯಲ್ಲಿ ಹೇಳುವುದಿಲ್ಲ, ಸ್ಥಾನದಿಂದ ಹೇಳುತ್ತಾನೆ. ಸಾಲಿನ ಮೊದಲಿಗೆ ಸೊಪ್ಪುತರಕಾರಿಗಳೂ ರೊಟ್ಟಿ ಅನ್ನಗಳೂ ಇರುವುವು. ತಟ್ಟೆಯು ಮುಕ್ಕಾಲು ತುಂಬಿದ ಮೇಲೆ ಬೆಲೆಯುಳ್ಳವು ಕಾಣಿಸುವುವು. ಎಣ್ಣೆಯಲ್ಲಿ ಕರಿದು ಆಗಲೇ ಕೊಡುವ, ದೋಸೆಯಂತೆ ಹುಯ್ದು ಕೊಡುವ ವಸ್ತುಗಳ ಮುಂದೆ ಒಬ್ಬನೇ ಅಡಿಗೆಯವನಿದ್ದು, ಕಾದು ನಿಲ್ಲಬೇಕಾಗುವುದು. ಬಡಿಸುವವರ ಸಂಬಳವು ಹೋಟಲಿಗೆ ಉಳಿಯುತ್ತದೆ. ಪ್ರಾತಃಕಾಲದಲ್ಲಿ ನೂರಾರು ಮಂದಿಗೆ ಒಟ್ಟಿಗೆ ಉಪಾಹಾರ ಕೊಡಬೇಕಾದ ದೊಡ್ಡ ವಸತಿಗೃಹಗಳು ಈ ಕ್ರಮವನ್ನು ಬಿಡಲಾರದಿರುವುದಕ್ಕೆ ಇದೂ ಒಂದು ಕಾರಣ. ಇದೆಲ್ಲ ಮೋಸವೆಂದು ನಾನು ಹೇಳುವುದಿಲ್ಲ, ವ್ಯಾಪಾರ.

ಹೋಟಲುಗಾರನ ಗಣಿತವು ಸರಾಸರಿಯ ಗಣಿತ. ಇಪ್ಪತ್ತು ವರ್ಷದ ಮೊಮ್ಮಗನು ತಿಂದು ಮಾಡುವ ನಷ್ಟವನ್ನು ಎರಡು ಇಡ್ಲಿಗೆ ಕೈತೊಳೆಯುವ ಅಜ್ಜಿಯು ತುಂಬಿಕೊಡುತ್ತಾಳೆ. ಆದುದರಿಂದ ಸಂಸಾರಸಹಿತನಾಗಿ ಹೋಗುವ ಗೃಹಸ್ಥನು ತನ್ನ ಹಸಿವೊಂದನ್ನೇ ಅಳೆದು ನೋಡಿದರೆ ಲೆಕ್ಕವು ತಪ್ಪುತ್ತದೆ. ಮನೆಯವರು ಪಟ್ಟಿಯನ್ನು ನೋಡಿ ತರಿಸಿಕೊಂಡಿದ್ದರೆ ಒಟ್ಟು ಎಷ್ಟಾಗುತ್ತಿತ್ತೆಂದು ಎಣಿಸಬೇಕು. ಮತ್ತೊಂದು ಸಂಗತಿ: ಹಣವನ್ನು ಮೊದಲೇ ಗೊತ್ತುಮಾಡಿರುವುದರಿಂದ ಮೂರನೆಯ ತಟ್ಟೆಯನ್ನು ತಿಂದರೂ ತಿನ್ನದಿದ್ದರೂ ಖರ್ಚು ಅಷ್ಟೇ. ಹೀಗಿದ್ದರೂ 'ಹಣ ವಸೂಲು' ಮಾಡುವ ಛಲದಿಂದ ಬೇಡದುದನ್ನು ಹಾಕಿಕೊಂಡು, ಅರ್ಧ ಬಿಟ್ಟು ಏಳುವ ವಿದ್ಯಾವಂತರನ್ನು ಎಷ್ಟೋ ಕಡೆ ನೋಡಬಹುದು. ಬಿಟ್ಟದ್ದರಿಂದ ಹೋಟಲಿಗೂ ನಷ್ಟ, ಉಂಡವನಿಗೂ ಲಾಭವಿಲ್ಲ. ಪಾತ್ರೆಯಲ್ಲಿ ಗಂಟೆಗಟ್ಟಲೆ ಬಿಸಿಯಲ್ಲಿದ್ದರೂ ಕೆಡದ ಹುಳಿ, ಸಾಗುಗಳ ಬಗೆಗೆ ಬಫೆಯಲ್ಲಿ ಆಕ್ಷೇಪಣೆಯಿಲ್ಲ. ಪೂರಿ, ಬೋಂಡ, ದೋಸೆಗಳು ಮುಚ್ಚಳದ ಅಡಿಯಲ್ಲಿ ಆವಿಯಿಂದ ಮೆತ್ತಗಾಗಿ ತಮ್ಮ ಜಾತಿಯನ್ನೇ ಕಳೆದುಕೊಳ್ಳುತ್ತವೆ. ಮನೆಯಲ್ಲಿ ಮಾಡಲಾಗದ, ಹಿಂದೆ ತಿಂದಿಲ್ಲದ ಹತ್ತು ಪದಾರ್ಥಗಳನ್ನು ಸ್ವಲ್ಪ ಸ್ವಲ್ಪವಾಗಿ ನೋಡಬೇಕೆಂಬವನಿಗೆ ಟೋಕಿಯೋದವರಿಗೆ ಆದಂತೆ ಇದು ಸಾರ್ಥಕವೇ ಸರಿ. ದಿನವೂ ಉಣ್ಣುವ ಅನ್ನಸಾರನ್ನೇ ಐದು ಪಟ್ಟು ಹಣಕ್ಕೆ ಉಂಡು ಬರುವವನಿಗೆ ನಾನೇನೂ ಹೇಳಲಾರೆ.

ವಿವಾಹಗಳಲ್ಲಿ ಈ ಗಣಿತವು ಮತ್ತೊಂದು ರೂಪವನ್ನು ತಾಳುತ್ತದೆ. ಅಲ್ಲಿ ಉಣ್ಣುವವನು ಒಬ್ಬ, ಹಣ ತೆರುವವನು ಇನ್ನೊಬ್ಬ. ಅಡಿಗೆಯ ಗುತ್ತಿಗೆದಾರನು ಹಿಂದೆ ಎಲೆಯ ಲೆಕ್ಕದಲ್ಲಿ ಹಣ ಪಡೆಯುತ್ತಿದ್ದಂತೆ ಈಗ ತಟ್ಟೆಯ ಲೆಕ್ಕದಲ್ಲಿಯೂ ಪಡೆಯುತ್ತಾನೆ. ಪಂಕ್ತಿಯು ಏಳುವವರೆಗೆ ಮುಂದಿನ ಪಂಕ್ತಿಯವರು ಬೆನ್ನ ಹಿಂದೆ ನಿಂತು ಕಾಯುವ ಮುಜುಗರವು ಬಫೆಯಲ್ಲಿ ತಪ್ಪುತ್ತದೆ, ಆತುರವುಳ್ಳವನು ಉಂಡು ಕಚೇರಿಗೆ ಹೋಗಬಹುದು. ಆದರೆ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಊರುಗೋಲು ಹಿಡಿದ ವೃದ್ಧರಿಗೆ ಪಾತ್ರೆಯ ಮುಚ್ಚಳವನ್ನು ಎತ್ತಲು ಮೂರನೆಯ ಕೈಯಿಲ್ಲ. ಪಂಕ್ತಿಯಲ್ಲಾದರೆ ಯಜಮಾನನು ಎಲೆಯಿಂದೆಲೆಗೆ ನಡೆದು, 'ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ' ಎಂದು ಉಪಚರಿಸುತ್ತಿದ್ದನು. ಬಫೆಯ ಸಾಲಿನಲ್ಲಿ ಅವನು ಎಲ್ಲಿ ನಿಂತು ಆ ಮಾತನ್ನು ಆಡಬೇಕು? ಈಚೆಗೆ ಅನೇಕ ಮಂಟಪಗಳಲ್ಲಿ ಒಂದು ಕಡೆ ಬಫೆಯನ್ನೂ ಇನ್ನೊಂದು ಕಡೆ ಎಲೆಯ ಪಂಕ್ತಿಯನ್ನೂ ಏರ್ಪಡಿಸುತ್ತಾರೆ. ಮನೆಯ ಹಿರಿಯರೂ ಬೀಗರೂ ಎಲೆಯ ಕಡೆಗೇ ಹೋಗುತ್ತಾರೆ. ಯಜಮಾನನೂ ಅಲ್ಲಿಯೇ ಇರುತ್ತಾನೆ.